ನಾನು ತೆಗೆದ ಸುಣ್ಣ

ಸುರಪುರದ ಆ ಮನೆಯಲ್ಲಿ ಹನ್ನೊಂದು ಚಿತ್ರಗಳಿದ್ದವು. ಅವುಗಳಲ್ಲಿ ಒಂದನ್ನು ನಾನು ಹಾಳುಮಾಡಿದೆ. ಹೇಗೆ ಹಾಳುಮಾಡಿದೆ ಎಂಬುದನ್ನು ನಾಲ್ಕು ಪುಟದ ವರದಿಯಲ್ಲಿ ಬರೆದು, ಕೆಳಗೆ ಸಹಿ ಹಾಕಿ, ಕೊಡಬೇಕಾದವರಿಗೆ ಕೊಟ್ಟೆ. ಅವರು ಅದನ್ನು ಫೈಲಿಗೆ ಹಾಕಿಟ್ಟರು. ಈಗ ಜನ ಆ ಚಿತ್ರದ ಮುಂದೆ ನಿಲ್ಲುತ್ತಾರೆ, ಮೆಚ್ಚುತ್ತಾರೆ, ಕೆಲವರು ಕಣ್ಣೊರೆಸಿಕೊಳ್ಳುತ್ತಾರೆ. ತಾವು ನೋಡುತ್ತಿರುವುದು ಏನನ್ನು ಎಂದು ಅವರಿಗೆ ಹೇಳುವವರು ಅಲ್ಲಿ ಯಾರೂ ಇಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಕೆಟ್ಟುಹೋದ ಚಿತ್ರಗಳನ್ನು ಸರಿಪಡಿಸುವ ಕೆಲಸ. ಯಾದಗಿರಿಯಲ್ಲಿ ಸ್ಟೇಷನ್ ಹಿಂದಿನ ಓಣಿಯಲ್ಲಿ ಮನೆ, ಮುಂದಿನ ಕೋಣೆಯೇ ಕೆಲಸದ ಜಾಗ. ಮಠಗಳ ಹಳೆಯ ಪಟಗಳು ಬರುತ್ತವೆ, ದೇಶಮುಖರ ಮನೆತನಗಳ ಅಜ್ಜ-ಅಜ್ಜಿಯರ ತೈಲಚಿತ್ರಗಳು ಬರುತ್ತವೆ. ಒಮ್ಮೆ ದೊಡ್ಡ ಊರಿನ ಒಂದು ಕಲಾಸಂಸ್ಥೆಯಿಂದ ಫೋನು ಬಂತು. ಅಲ್ಲಿ ಪ್ರದರ್ಶನಗಳನ್ನು ಹೊಂದಿಸುವ ಕ್ಯುರೇಟರ್ ಸುರಪುರದ ಕೋಟೆ ನೋಡಲು ಬಂದಾಗ ಕುಡಿಯುವ ನೀರು ಕೇಳಲು ಒಂದು ಮನೆಯೊಳಗೆ ಹೋಗಿದ್ದರಂತೆ. ಅಲ್ಲಿ ಪಡಸಾಲೆಗೂ ಅಡುಗೆಮನೆಗೂ ನಡುವೆ ಗೋಡೆಯ ಬದಲು ಆಳೆತ್ತರದ ಚಿತ್ರಗಳು ನಿಂತಿದ್ದವು.

"ಮೇಡಂ, ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲಿ ಇರಬೇಕಾದ ಅಮೂರ್ತ ಚಿತ್ರಗಳು ಸುರಪುರದಲ್ಲಿ ಪಾರ್ಟಿಷನ್ ಆಗಿಬಿಟ್ಟಿವೆ," ಎಂದರು. "ಬರೆದವರು ಬಾಂಗ್ಲಾ ಕಡೆಯಿಂದ ವಲಸೆ ಬಂದವರು. ಪಾರ್ಶ್ವವಾಯು ಹೊಡೆದು ಮಲಗಿದ್ದಾರೆ. ಪ್ರದರ್ಶನ ಮಾಡ್ತಾ ಇದ್ದೀವಿ. ನೀವು ಅಲ್ಲೇ ಹತ್ತಿರದವರು, ಹನ್ನೊಂದನ್ನೂ ಸಿದ್ಧ ಮಾಡಿಕೊಡಿ."

ಭೀಮೆಯ ಸೇತುವೆ ದಾಟಿ ಶಹಾಪುರ, ಅಲ್ಲಿಂದ ಇನ್ನೊಂದು ಬಸ್ಸಿಗೆ ಸುರಪುರ. ಇಷ್ಟು ಹತ್ತಿರ ಇದ್ದೂ ನನಗೆ ಆ ಮನುಷ್ಯ ಗೊತ್ತಿರಲಿಲ್ಲ. ಕೈ ಮಾತ್ರ ಗೊತ್ತಿತ್ತು. ನಾನು ಚಿಕ್ಕವಳಿದ್ದಾಗ ಬಸ್ಸಿನ ಕಿಟಕಿಯಿಂದ ಓದುತ್ತಿದ್ದ ಗೊಬ್ಬರದ ಅಂಗಡಿ, ದವಾಖಾನೆ, ಹೋಟೆಲುಗಳ ಬೋರ್ಡುಗಳೆಲ್ಲ ಅವರು ಬರೆದವು. ಮೂಲೆಯಲ್ಲಿ ಸಣ್ಣದಾಗಿ 'ಬಂಗಾಲಿ ಪೇಂಟರ್' ಎಂದಿರುತ್ತಿತ್ತು. ಅದು ಅಡ್ಡಹೆಸರೋ ಅಂಗಡಿಯ ಹೆಸರೋ ಎಂದು ಯೋಚಿಸಿರಲಿಲ್ಲ.

ಮಗಳು ಶಹಾಪುರದ ಹತ್ತಿರದ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ತಾಯಿ ಸುರಪುರದವಳೇ, ತೀರಿಹೋಗಿ ಬಹಳ ವರ್ಷವಾಗಿತ್ತು. ಈಗ ಮನೆಯಲ್ಲಿ ಅಪ್ಪ-ಮಗಳು ಇಬ್ಬರೇ. ಮಗಳಿಗೆ ಗೊತ್ತಿದ್ದ ಅಪ್ಪನ ಕಥೆ ಐದು ನಿಮಿಷದಲ್ಲಿ ಮುಗಿಯಿತು. ಹುಡುಗನಾಗಿದ್ದಾಗ ಗಡಿ ದಾಟಿ ಬಂದವರು. ತುಂಗಭದ್ರಾ ಕಾಲುವೆಯ ಕಡೆ ನಿರಾಶ್ರಿತರಿಗೆಂದು ಕಟ್ಟಿದ ಕ್ಯಾಂಪಿನಲ್ಲಿ ಬೆಳೆದರು. ಮೀಸೆ ಮೂಡುವ ಹೊತ್ತಿಗೆ ಹೈದರಾಬಾದಿಗೆ ಹೋಗಿ ಸಿನಿಮಾ ಬ್ಯಾನರ್ ಬರೆಯುವವರ ಕೈಕೆಳಗೆ ಸೇರಿದರು. ಅಲ್ಲಿನ ಆರ್ಟ್ ಸ್ಕೂಲಿನ ಕೆಲವರ ಗೆಳೆತನವಾಗಿ ರೂಪವಿಲ್ಲದ ಚಿತ್ರ ಬರೆಯತೊಡಗಿದರು. ಒಂದೇ ಒಂದು ಪ್ರದರ್ಶನ ಮಾಡಿದರು. ಬ್ಯಾನರ್ ಬರೆಯುವವ ಬ್ರಷ್ ಒರೆಸಿದ ಬಟ್ಟೆ ತಂದು ನೇತುಹಾಕಿದ್ದಾನೆ ಎಂದು ಪತ್ರಿಕೆಯವರು ನಕ್ಕರು. ಎಲ್ಲವನ್ನೂ ಸುತ್ತಿಕೊಂಡು ಸುರಪುರಕ್ಕೆ ಬಂದು ಬೋರ್ಡು ಬರೆಯಲು ಕುಳಿತರು. ಆದರೂ ಬೇಸಿಗೆಯಲ್ಲಿ ಕೆಲಸ ಕಡಿಮೆಯಾದಾಗ ಆಗೊಮ್ಮೆ ಈಗೊಮ್ಮೆ ಒಂದು ದೊಡ್ಡ ಚಿತ್ರ ಮಾಡುತ್ತಿದ್ದರು. ಮುಗಿಯುವ ತನಕ ಯಾರಿಗೂ ತೋರಿಸುತ್ತಿರಲಿಲ್ಲ.

"ಅದಕ್ಕೂ ಮೊದಲಿಂದು? ಯಾವ ಊರು, ಯಾರ ಮನೆತನ?" ಎಂದು ಕೇಳಿದೆ.

"ಗೊತ್ತಿಲ್ರಿ. ಕೇಳಿದ್ರ ಎದ್ದು ಹೊರಗ ಹೋಗತಿದ್ದ. ಅವನ ಭಾಷಿನೂ ಒಂದ ದಿನ ನಮ್ಮ ಮುಂದ ಆಡಿಲ್ಲ. ನಮ್ಮವ್ವನ ಕೂಡ ಕನ್ನಡ, ಅಂಗಡಿಯವ್ರ ಕೂಡ ಉರ್ದು. ಕೃಷ್ಣಾದಾಗಿನ ಮೀನ ತಂದು ತಾನ ಕೈಯಾರೆ ಮಾಡತಿದ್ದ, ಅಷ್ಟಽ ನೋಡ್ರಿ ಅವನೂರಿಂದು ನಮಗ ಗೊತ್ತಿದ್ದದ್ದು."

ಚಿತ್ರಗಳನ್ನು ಪಡಸಾಲೆಯ ಬೆಳಕಿನಲ್ಲಿ ಒಂದೊಂದಾಗಿ ನೋಡಿದೆ. ರೇಷನ್ ಅಕ್ಕಿಯ ಗೋಣಿಚೀಲಗಳನ್ನು ಬಿಚ್ಚಿ, ದಬ್ಬಣದಿಂದ ಒಂದಕ್ಕೊಂದು ಹೊಲಿದು, ಅಂಬಲಿ ಅಂಟು ಬಳಿದು ಸಿದ್ಧಮಾಡಿದ ಬಟ್ಟೆ. ಅದರ ಮೇಲೆ ಬೋರ್ಡು ಬರೆಯುವ ಎನಾಮೆಲ್, ಕೆಮ್ಮಣ್ಣು. ಎಲ್ಲದರ ಮೇಲೆ ಮಸುಕಾದ, ತುಸು ನೀಲಿ ಬೆರೆತ ಬಿಳಿ. ಆ ಬಿಳಿ ಅಲ್ಲಲ್ಲಿ ಸಿಪ್ಪೆಯಂತೆ ಎದ್ದು ಉದುರುತ್ತಿತ್ತು. ಕೆಳಗಿನ ಅಂಚನ್ನು ಗೆದ್ದಲು ತಿಂದಿತ್ತು.

"ಈ ಬಿಳೀದು ಏನ್ರಿ ಟೀಚರ್ರ?"

"ಸುಣ್ಣ ಇರಬೇಕ್ರಿ. ದೀಪಾವಳಿಗೊಮ್ಮಿ ಮನಿಗೆ ನೀಲಿ ಹಾಕಿ ಸುಣ್ಣ ಹೊಡಸ್ತಿದ್ವಿ. ಇವು ನಮಗ ಗ್ವಾಡಿನಽ ಅಲ್ಲೇನ್ರಿ? ಹೊಡಿಯೋರು ಇದಕ್ಕೂ ಒಂದು ಕೈ ಎಳೆದಿರಬೇಕು."

"ಅಪ್ಪ ಏನೂ ಅನ್ನಲಿಲ್ಲೇನು?"

"ಅಪ್ಪ ಯಾವಾಗ ಏನಂದಾನ್ರಿ? ಬೋರ್ಡಿನ ಮ್ಯಾಲ ಬರೆದದ್ದಽ ಅವನ ಮಾತು."

ನನಗೆ ಅದು ಸರಿ ಎನಿಸಿತು. ಎನಾಮೆಲ್ ಮೇಲೆ ಸುಣ್ಣ ನಿಲ್ಲುವುದಿಲ್ಲ ಎಂಬುದು ಬಣ್ಣದ ಕೆಲಸ ಬಲ್ಲ ಯಾರಿಗಾದರೂ ಗೊತ್ತು. ತಿಳಿದವರು ಹಾಗೆ ಬಳಿಯುವುದಿಲ್ಲ, ಆದ್ದರಿಂದ ಇದು ತಿಳಿಯದವರ ಕೆಲಸ ಎಂದು ಲೆಕ್ಕ ಹಾಕಿದೆ. ಕೆಲಸ ಶುರುಮಾಡುವ ಮುಂಚೆ ತುಂಬಬೇಕಾದ ಒಂದು ನಮೂನೆ ಇದೆ. ಅದರಲ್ಲಿ 'ಕಲಾವಿದರ ಹೇಳಿಕೆ' ಎಂಬ ಕಾಲಂ ಇದೆ. ಬರೆದವರು ಬದುಕಿದ್ದರೆ ಮೊದಲು ಅವರನ್ನು ಕೇಳಬೇಕು ಎಂಬುದು ನಮ್ಮ ಕೆಲಸದ ಮೊದಲ ಪಾಠ. ಅವರು ಹತ್ತು ಹೆಜ್ಜೆ ದೂರದಲ್ಲಿ, ಒಳಕೋಣೆಯ ಮಂಚದ ಮೇಲೆ ಮಲಗಿದ್ದರು. ಬಲಗೈ, ಬಲಗಾಲು ಹೋಗಿದ್ದವು. ಕತ್ತು ಸರಿಯಾಗಿ ನಿಲ್ಲುತ್ತಿರಲಿಲ್ಲ. ನಾನು ಬಾಗಿಲಲ್ಲಿ ನಿಂತು "ಕಾಕಾ, ಆರಾಮೇನ್ರಿ?" ಎಂದೆ. ಅವರು ನೋಡಿದರು. ಕಾಲಂನಲ್ಲಿ 'ಕಲಾವಿದರು ಮಾತನಾಡುವ ಸ್ಥಿತಿಯಲ್ಲಿಲ್ಲ' ಎಂದು ಬರೆದು ಮುಂದಕ್ಕೆ ಹೋದೆ.

ಮೊದಲ ಚಿತ್ರವನ್ನು ಪಡಸಾಲೆಯಲ್ಲಿ ಎರಡು ಬೆಂಚುಗಳ ಮೇಲೆ ಅಡ್ಡ ಮಲಗಿಸಿದೆ. ಮೂಲೆಯಲ್ಲಿ ಅಂಚೆಚೀಟಿಯಷ್ಟು ಜಾಗ ಗುರುತುಮಾಡಿ ಪರೀಕ್ಷೆ ಮಾಡಿದೆ. ಬರೀ ನೀರಿಗೆ ಸುಣ್ಣ ಮೆತ್ತಗಾಗುತ್ತಿತ್ತು, ಬಿಡುತ್ತಿರಲಿಲ್ಲ. ನೀರಿಗೆ ತುಸು ವಿನಿಗರ್ ಬೆರೆಸಿ, ಬಿದಿರಿನ ಕಡ್ಡಿಗೆ ಸುತ್ತಿದ ಹತ್ತಿಯಲ್ಲಿ ಒತ್ತಿದರೆ ಚುರ್ ಎಂದು ನೊರೆ ಬಂದು ಕರಗುತ್ತಿತ್ತು. ಕೆಳಗಿನ ಎನಾಮೆಲ್ಲಿಗೆ ಏನೂ ಆಗುತ್ತಿರಲಿಲ್ಲ. ತಕ್ಷಣ ಇನ್ನೊಂದು ಹತ್ತಿಯಲ್ಲಿ ಶುದ್ಧ ನೀರಿನಿಂದ ಒರೆಸಿ, ಒಣಬಟ್ಟೆ ಒತ್ತಿ, ಉಳಿದ ಚೂರನ್ನು ಚಾಕುವಿನ ತುದಿಯಿಂದ ಎಬ್ಬಿಸುವುದು. ಅಂಗೈಯಗಲ ಜಾಗಕ್ಕೆ ಅರ್ಧ ಗಂಟೆ. ಸುಣ್ಣದ ಮೇಲೆ ಮೂರು ಕಡೆ ಕಪ್ಪು ಎನಾಮೆಲ್ಲಿನ ಉದ್ದ ಗೀರುಗಳಿದ್ದವು. 'ನಂತರ ಸಿಡಿದ ಬಣ್ಣ' ಎಂದು ಟಿಪ್ಪಣಿಯಲ್ಲಿ ಬರೆದು, ಫೋಟೋ ತೆಗೆದು, ಅವನ್ನೂ ಕೆರೆದೆ.

ಮಗಳು ಬೆಳಿಗ್ಗೆ ಅಪ್ಪನಿಗೆ ಗಂಜಿ ಕುಡಿಸಿ ಶಾಲೆಗೆ ಹೋಗುತ್ತಿದ್ದಳು. ಪಕ್ಕದ ಮನೆಯ ಅಜ್ಜಿಯೊಬ್ಬಳು ನಡುನಡುವೆ ಬಂದು ಅವರನ್ನು ಮಗ್ಗುಲಾಗಿಸಿ ಹೋಗುತ್ತಿದ್ದಳು. ಉಳಿದ ಹೊತ್ತು ಮನೆಯಲ್ಲಿ ನಾನು, ಅವರು. ನಾನು ಕಡ್ಡಿಗೆ ಹತ್ತಿ ಸುತ್ತಿದೊಡನೆ ಒಳಗಿನಿಂದ ದನಿ ಬರುತ್ತಿತ್ತು.

"ನಾ... ನಾ... ನಾ..."

ಎಡಗೈ ಮೇಲೆದ್ದು ಗಾಳಿಯಲ್ಲಿ ಆಡುತ್ತಿತ್ತು. ಕಣ್ಣಲ್ಲಿ ನೀರು. ಮೊದಲ ದಿನ ಓಡಿಹೋಗಿ ನೀರು ಕುಡಿಸಿದೆ. ಸಂಜೆ ಮಗಳಿಗೆ ಹೇಳಿದಾಗ ಅವಳು ಅಪ್ಪನ ಹಣೆ ಸವರಿ ನಕ್ಕಳು.

"ನಾ ಮಾಡೀನಿ, ನಾ ಮಾಡೀನಿ ಅನ್ನಾಕತ್ತಾನ್ರಿ. ಅವನ ಚಿತ್ರಕ್ಕ ಯಾರರೆ ಕೈ ಹಚ್ಚಿದ್ದು ಜನ್ಮದಾಗ ಇದಽ ಮೊದಲು. ಖುಷಿ ಆಗ್ಯದ. ಅಳು-ನಗು ಹಿಡ್ತದಾಗ ಇರಂಗಿಲ್ಲಂತ ಡಾಕ್ಟರೂ ಹೇಳ್ಯಾರ."

ನನಗೂ ಹಿತವಾಯಿತು. ಮರುದಿನದಿಂದ ಅವರು "ನಾ" ಎಂದಾಗಲೆಲ್ಲ ನಾನು ತಲೆ ಎತ್ತದೆಯೇ "ಹೌದ್ರಿ ಕಾಕಾ, ನೀವಽ ಮಾಡೀರಿ, ಭಾಳ ಚಂದ ಮಾಡೀರಿ" ಎಂದು ಉತ್ತರ ಕೊಡುತ್ತ ಒರೆಸುತ್ತಿದ್ದೆ. ಐದು ವಾರ.

ಮೂರನೆಯ ವಾರದಲ್ಲಿ ಸುಣ್ಣದ ಕೆಳಗಿನಿಂದ ಒಂದು ದೋಣಿಯ ಮೂತಿ ಹೊರಬಂತು. ರೂಪವೇ ಇಲ್ಲದ ಚಿತ್ರ ಎಂದುಕೊಂಡಿದ್ದರ ಅಡಿಯಲ್ಲಿ ನದಿಯ ದಂಡೆ, ಗಂಟುಮೂಟೆ ಹೊತ್ತ ಜನ, ಮೊಣಕಾಲ ಮಟ್ಟ ನೀರಿನಲ್ಲಿ ನಿಂತ ಹೆಂಗಸರು. ಬ್ಯಾನರ್ ಬರೆದು ಪಳಗಿದ ಕೈ, ಎರಡೇ ಗೆರೆಯಲ್ಲಿ ಒಂದು ಹೆಣ್ಣು ನಿಂತುಬಿಡುತ್ತಿದ್ದಳು. ಯಾರ ಮುಖಕ್ಕೂ ಕಣ್ಣಿರಲಿಲ್ಲ. ಸುಣ್ಣ ಹೊಡೆಯುವವರು ಎಂಥದನ್ನು ಮುಚ್ಚಿಬಿಟ್ಟಿದ್ದರು ಎಂದು ಮರುಗಿದೆ. ಇನ್ನಷ್ಟು ಬೇಗ ಬೇಗ ಕೆಲಸ ಮಾಡಿದೆ.

ಮುಗಿದಾಗ ಕ್ಯುರೇಟರ್ ಬಂದರು. ಪಡಸಾಲೆಯಲ್ಲಿ ಚಿತ್ರದ ಮುಂದೆ ನಿಂತು ನನ್ನ ಎರಡೂ ಕೈ ಹಿಡಿದುಕೊಂಡರು.

"ಇದೇ ಕಥೆ ಮೇಡಂ. ನಾನು ಬರೀ ಒಳ್ಳೆ ಬಣ್ಣ ಅಂದ್ಕೊಂಡಿದ್ದೆ. ಒಬ್ಬ ನಿರಾಶ್ರಿತನ ಇಡೀ ಜೀವನ ಇದರ ಅಡಿಯಲ್ಲಿದೆ. ಹನ್ನೊಂದೂ ಹೀಗೇ ಆಗ್ಬೇಕು. ಪೋಸ್ಟರಿಗೆ ಇದೇ."

ಒಳಗಿನಿಂದ "ನಾ... ನಾ..." ಎಂದು ಕೇಳುತ್ತಲೇ ಇತ್ತು. ಅವರು ಬಾಗಿಲಿಗೆ ಹೋಗಿ ಕೈಮುಗಿದು ಬಂದರು.

ಎರಡನೆಯ ಚಿತ್ರವನ್ನು ಬೆಂಚಿನ ಮೇಲೆ ಹಾಕಿದ ದಿನ ಶನಿವಾರ. ಮಗಳು ಬೆಳಗಿನ ಶಾಲೆ ಮುಗಿಸಿ ಮನೆಗೆ ಬಂದಿದ್ದಳು. ಕಾಲುವೆ ಕಡೆಯ ಆ ಕ್ಯಾಂಪಿನಿಂದ ಒಬ್ಬ ಮುದುಕ, ಪೇಂಟರಿಗೆ ಹುಷಾರಿಲ್ಲ ಎಂಬ ಸುದ್ದಿ ಯಾರಿಂದಲೋ ಕೇಳಿ ಹುಡುಕಿಕೊಂಡು ಬಂದಿದ್ದ. ಇಬ್ಬರೂ ಹುಡುಗರಾಗಿದ್ದಾಗ ಒಂದೇ ಗುಂಪಿನಲ್ಲಿ ಗಡಿ ದಾಟಿದವರಂತೆ. ಮಂಚದ ಬದಿಗೆ ಕೂತು ಅವನು ತಮ್ಮ ಭಾಷೆಯಲ್ಲಿ ಏನೇನೋ ಹೇಳುತ್ತಿದ್ದ. ಪೇಂಟರ್ ಅವನ ಮುಖವನ್ನೇ ನೋಡುತ್ತ ಸುಮ್ಮನೆ ಮಲಗಿದ್ದರು. ನಾನು ಪಡಸಾಲೆಯಲ್ಲಿ ಮೂಲೆಗೆ ಹತ್ತಿ ಒತ್ತಿದೆ. ಚುರ್ ಎಂದಿತು.

"ನಾ! ನಾ! ನಾ!"

ಮುದುಕ ತಟ್ಟನೆ ಎದ್ದು ಹೊರಬಂದ.

"ಏನ್ ಮಾಡಾಕತ್ತೀರಿ ಅವನ ಮಾಲಿಗೆ?"

"ಸ್ವಚ್ಛ ಮಾಡಾಕತ್ತೀನ್ರಿ ಕಾಕಾ," ಎಂದೆ.

"ಅಂವ ಬ್ಯಾಡ ಬ್ಯಾಡ ಅಂತ ಬಡಕೋತಾನಲ್ಲ, ಕೇಳಂಗಿಲ್ಲೇನು ನಿಮಗ?"

ಮಗಳು ನಗುತ್ತಲೇ, "ಇಲ್ಲ ಕಾಕಾ, 'ನಾ ಮಾಡೀನಿ' ಅಂತಾನ. ದಿನಾ ಹಂಗಽ ಅಂತಾನ," ಎಂದಳು.

ಮುದುಕ ಅವಳನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಸಂಕೋಚ ಇತ್ತು. ಮೆಲ್ಲಗೆ ಹೇಳಿದ.

"ತಂಗೆವ್ವ, ಅದು ಕನ್ನಡದ ನಾ ಅಲ್ಲವ. ನಮ್ಮ ಮಾತಿನಾಗ ನಾ ಅಂದ್ರ ಬ್ಯಾಡ. ಬ್ಯಾಡ, ಬ್ಯಾಡ ಅನಾಕತ್ತಾನ."

ಪಾರ್ಶ್ವವಾಯು ಅವರ ಬಾಯಿಂದ ಕನ್ನಡವನ್ನೂ ಉರ್ದುವನ್ನೂ ಒಯ್ದಿತ್ತು. ತಾಯಿಯ ಮಾತಿನಲ್ಲಿ ಒಂದು ಅಕ್ಷರ ಉಳಿದಿತ್ತು. ಐದು ವಾರ ಅವರು ಅದನ್ನೇ ಕೂಗಿದ್ದರು. ನಾನು ಪ್ರತಿ ಸಲವೂ ಹೌದ್ರಿ ಎಂದಿದ್ದೆ.

ಹತ್ತಿಯನ್ನು ಕೆಳಗಿಟ್ಟು ಭೂತಗನ್ನಡಿ ತೆಗೆದುಕೊಂಡೆ. ಮೊದಲೇ ಮಾಡಬೇಕಿದ್ದ ಕೆಲಸವನ್ನು ಆಗ ಮಾಡಿದೆ. ಗೆದ್ದಲು ತಿಂದ ಅಂಚಿನಲ್ಲಿ ಪದರಗಳು ಒಂದರ ಮೇಲೊಂದು ಕಾಣುತ್ತಿದ್ದವು. ಗೋಣಿ, ಅಂಬಲಿ, ಎನಾಮೆಲ್, ಕೆಮ್ಮಣ್ಣು, ಸುಣ್ಣ. ಆ ಸುಣ್ಣದ ಮೇಲೆ ಮತ್ತೆ ಎನಾಮೆಲ್ಲಿನ ಕಪ್ಪು ಗೀರು, ಅದರ ಮೇಲೆ ಮತ್ತೆ ಸುಣ್ಣ. ಮನೆಗೆ ಸುಣ್ಣ ಹೊಡೆಯುವವರು ಹೀಗೆ ಕಾದು ಕಾದು ಬಳಿಯುವುದಿಲ್ಲ. ಸುಣ್ಣದಲ್ಲಿ ಮೂಡಿದ್ದ ಎಳೆಗಳು ನಾರಿನ ಕುಂಚದವಲ್ಲ. ಬೋರ್ಡು ಬರೆಯುವ ಅಗಲ ಬ್ರಷ್ಷಿನವು. ಒಂದು ಕಡೆ ಹಸಿ ಸುಣ್ಣದಲ್ಲಿ ಮೊಳೆಯಿಂದ ಗೀರಿದ ಗುರುತು ಇತ್ತು. ಅವರ ಸಹಿ. ಮೊದಲ ಚಿತ್ರದ, ಕೆಲಸಕ್ಕೆ ಮುಂಚಿನ ಫೋಟೋಗಳನ್ನು ತೆರೆದು ದೊಡ್ಡದು ಮಾಡಿ ನೋಡಿದೆ. ಅಲ್ಲೂ ಅದೇ ಜಾಗದಲ್ಲಿ ಸಹಿ ಇತ್ತು. ನಾನು ಅದನ್ನು ಬಿರುಕು ಎಂದು ಬರೆದುಕೊಂಡಿದ್ದೆ.

ಚಿತ್ರವೆಂದರೆ ಆ ಸುಣ್ಣ. ಕೆಳಗಿನದನ್ನು ಅವರು ಬರೆದು, ಆಮೇಲೆ ಮುಚ್ಚಿದ್ದರು. ಮುಚ್ಚುವುದೇ ಅವರ ಕೆಲಸವಾಗಿತ್ತು. ಎನಾಮೆಲ್ ಮೇಲೆ ಸುಣ್ಣ ನಿಲ್ಲುವುದಿಲ್ಲವೆಂದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು.

ಫೋಟೋವನ್ನು ಒಳಗೆ ಒಯ್ದು ಅವರ ಮುಖದ ಮುಂದೆ ಹಿಡಿದೆ.

"ಕಾಕಾ, ಈ ಸುಣ್ಣ ನೀವಽ ಹಚ್ಚಿದ್ರೇನು?"

ಅವರು ಫೋಟೋ ನೋಡಿದರು. ಆಮೇಲೆ ಬಾಗಿಲಾಚೆ ಗೋಡೆಗೆ ಒರಗಿಸಿದ್ದ, ನಾನು ತೊಳೆದ ಚಿತ್ರವನ್ನು ನೋಡಿದರು. ಕಣ್ಣು ಮುಚ್ಚಿ, ಆಗುವಷ್ಟು ಕತ್ತು ತಿರುಗಿಸಿ ಗೋಡೆಯ ಕಡೆಗೆ ಮುಖ ಮಾಡಿದರು. ಆ ದಿನದಿಂದ ಅವರು "ನಾ" ಎನ್ನಲಿಲ್ಲ.

ಸಂಜೆ ಕ್ಯುರೇಟರಿಗೆ ಫೋನು ಮಾಡಿ, ತಪ್ಪಾಗಿದೆ, ಉಳಿದ ಹತ್ತನ್ನು ನಾನು ಮುಟ್ಟುವುದಿಲ್ಲ ಎಂದೆ.

"ನೋಡಿ, ನೀವು ಬೇಜಾರಿನಲ್ಲಿದ್ದೀರಿ. ಕಲಾವಿದರು ತಮ್ಮ ಒಳ್ಳೆ ಕೆಲಸವನ್ನ ತಾವೇ ಮುಚ್ಚಿಡೋದು ಹೊಸದೇನಲ್ಲ. ಹೆದರಿಕೆ ಇರುತ್ತೆ, ನಾಚಿಕೆ ಇರುತ್ತೆ. ಬಿಡಿಸಿ ತೋರಿಸೋದು ನಮ್ಮ ಕೆಲಸ."

"ಅವ್ರು ಬ್ಯಾಡ ಅಂದಾರ್ರಿ."

"ಒಂದು ಮಾಡಿದ್ದೀರಲ್ಲ ಆಗಲೇ. ಕಾಗದಪತ್ರಕ್ಕೆ ಮಗಳ ಸಹಿ ಇದ್ದರೆ ಸಾಕು. ಅವರನ್ನ ಕೇಳಿ."

ಮಗಳು ಎಲ್ಲವನ್ನೂ ಕೇಳಿಸಿಕೊಳ್ಳುತ್ತ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದಳು. ಅವಳು ನನ್ನ ಕಡೆಗೇ ಇರುತ್ತಾಳೆಂದು ನಾನು ತಿಳಿದಿದ್ದೆ. ಅವಳು ಹೇಳಿದ್ದು ಬೇರೆ.

"ನನಗ ತೆಗೀಬೇಕು ಅನಸ್ತದ್ರಿ."

"ಟೀಚರ್ರ, ಅಪ್ಪ ಅಷ್ಟು ಕೂಗಿ..."

"ಕೂಗಿದ. ಖರೆ. ನನಗ ನಲವತ್ತು ವರ್ಷ ಆತ್ರಿ. ನನ್ನ ಅಜ್ಜಿ ಹೆಸರೇನಂತ ಗೊತ್ತಿಲ್ಲ. ನಾವು ಯಾವ ನೀರಿನೋರು, ಯಾವ ನೆಲದೋರು, ಯಾರು ಸತ್ರು, ಯಾರು ಉಳದ್ರು, ಏನೂ ಗೊತ್ತಿಲ್ಲ. ನಮ್ಮವ್ವಗೂ ಹೇಳಲಿಲ್ಲ. ಅಕಿ ಕೇಳಿ ಕೇಳಿ ಸತ್ತಳು. ಎಲ್ಲಾ ಇದರಾಗ ಬರೆದಿಟ್ಟು, ಅದನ್ನಽ ನಮ್ಮ ಮನಿಗೆ ಗ್ವಾಡಿ ಮಾಡಿ ನಿಂದರಿಸಿದ. ನಾನು ಅದಕ್ಕ ಬೆನ್ನ ಹಚ್ಚಿ ಕುಂತು ಓದೀನ್ರಿ. ನನಗ ನೋಡೂ ಹಕ್ಕಿಲ್ಲೇನು?"

ನನಗೆ ಒಂದು ದಾರಿ ಹೊಳೆಯಿತು. ಎರಡನೆಯ ಚಿತ್ರದಲ್ಲಿ ಬಣ್ಣ ತೆಳು, ಗೋಣಿಯ ನೇಯ್ಗೆ ಸಡಿಲ. ಹಿಂದಿನಿಂದ ಜೋರು ಬೆಳಕು ಬಿದ್ದರೆ ಕೆಳಗಿನ ಗೆರೆಗಳು ನೆರಳಾಗಿ ಕಾಣಬಹುದು. ಏನನ್ನೂ ಕೆರೆಯಬೇಕಿಲ್ಲ. ಅವತ್ತು ಯಾದಗಿರಿಗೆ ಹೋಗದೆ ಅಲ್ಲೇ ಉಳಿದೆ. ಮುದುಕನೂ ಉಳಿದಿದ್ದ.

ಭಾನುವಾರ ಬೆಳಿಗ್ಗೆ ಮೊದಲು ಮಂಚದ ಹತ್ತಿರ ಹೋಗಿ ಕೂತೆ. ನಾನು ಹೇಳಿದ್ದನ್ನು ಮುದುಕ ತಮ್ಮ ಮಾತಿನಲ್ಲಿ ಮತ್ತೊಮ್ಮೆ ಹೇಳಿದ.

"ಕಾಕಾ, ಕೆರೆಯಂಗಿಲ್ಲ. ನೀರು ಹಚ್ಚಂಗಿಲ್ಲ. ಬರೇ ಬಿಸಲಿಗೆ ಹಿಡಿತೀನಿ. ಟೀಚರ್ರು ಒಮ್ಮಿ ನೋಡಬೇಕಂತಾರ. ಹ್ಞೂಂ ಅಂದ್ರ ಕೈ ಎತ್ರಿ. ಇಲ್ಲಾಂದ್ರ ಇಲ್ಲ."

ಅವರು ನನ್ನನ್ನು ನೋಡಲಿಲ್ಲ. ಮಗಳನ್ನು ನೋಡಿದರು. ಬಹಳ ಹೊತ್ತಿನ ಮೇಲೆ ಎಡಗೈ ಹಾಸಿಗೆಯಿಂದ ಒಂದು ಗೇಣು ಮೇಲೆದ್ದಿತು.

ಮಂಚವನ್ನು ಅಂಗಳಕ್ಕೆ ತಂದೆವು. ಹಿಂದಿನ ಹಲಗೆ ಬಿಚ್ಚಿದ ಚಿತ್ರವನ್ನು ನಾನೂ ಮುದುಕನೂ ಎರಡು ಕಡೆ ಹಿಡಿದು ನಿಂತೆವು. ಬಂಡೆಗಳ ಮೇಲಿಂದ ಬಿಸಿಲು ನೇರ ಗೋಣಿಯ ಬೆನ್ನಿಗೆ ಬಿತ್ತು. ಮೊದಲು ಹೊಲಿಗೆಗಳು ಕಂಡವು. ಆಮೇಲೆ ಒಂದು ಹೆಂಗಸು, ನೆಲದ ಮೇಲೆ ಕಾಲು ಚಾಚಿ ಕೂತವಳು. ಅವಳ ತೊಡೆಯ ಮೇಲೆ ಒಂದು ಮಗು. ಮಗುವಿನ ಒಂದು ಕೈ ಕೆಳಗೆ ಜೋತುಬಿದ್ದಿತ್ತು.

ಮಗಳು ಹತ್ತಿರ ಬಂದು ಆ ನೆರಳನ್ನು ನೋಡಿದಳು.

"ಯಾರಪ್ಪ ಇದು?"

ಅವರು ಉತ್ತರಿಸಲಾರರು. ಮುದುಕ ಚಿತ್ರದ ಅಂಚನ್ನು ಹಿಡಿದುಕೊಂಡೇ ತಲೆ ತಗ್ಗಿಸಿ ಹೇಳಿದ.

"ಅವರವ್ವ. ತೊಡಿ ಮ್ಯಾಲಿಂದು ತಂಗಿ. ದಾರ್ಯಾಗ ಕೂಸಿಗೆ ವಾಂತಿಭೇದಿ ಆಗಿ ಹೋತು. ನಮ್ಮ ಗುಂಪಿನೋರು ನಿಂದ್ರಲಿಲ್ಲವ, ನಿಂತ್ರ ಎಲ್ಲಾರೂ ಸಿಗತಿದ್ವಿ. ಇವನ ಕೈಲೆ ಮಣ್ಣ ಮುಚ್ಚಿಸಿದ್ರು. ದೊಡ್ಡೋರಿಗೆ ಯಾರಿಗೂ ಕೈ ಬರಲಿಲ್ಲ."

ಚಿತ್ರವನ್ನು ಹಿಡಿದಿದ್ದ ನನ್ನ ತೋಳುಗಳು ಸೋತಿದ್ದವು. ಯಾರೂ ಇಳಿಸಿ ಎನ್ನಲಿಲ್ಲ. ಮಗಳು ಮಂಚದ ಬಳಿ ಹೋಗಿ ಅಪ್ಪನ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲದ ಮೇಲೆ ಕೂತಳು. ಅವರು ಅಳಲಿಲ್ಲ. ಅವಳೂ ಅಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ತಿರುಗದೆ, "ಸಾಕ್ರಿ, ಇಳಸ್ರಿ," ಎಂದಳು.

ಅಂದೇ ಕ್ಯುರೇಟರಿಗೆ ಫೋನು ಮಾಡಿ ಹತ್ತು ಚಿತ್ರಗಳನ್ನು ಕೊಡುವುದಿಲ್ಲ ಎಂದಳು. ಸುಣ್ಣ ಇದ್ದ ಹಾಗೇ ಒಯ್ಯುವುದಾದರೆ ಯೋಚಿಸುತ್ತೇನೆ ಎಂದಳು. ಹಾಗಾದರೆ ಅವು ಪ್ರದರ್ಶನದ ಕಥೆಗೆ ಹೊಂದುವುದಿಲ್ಲ, ತೊಳೆದದ್ದೊಂದೇ ಸಾಕು ಎಂದು ಅವರು ಹೇಳಿದರು. ಅದನ್ನು ಕೊಡಬೇಡಿ ಎಂದು ನಾನು ಅವಳನ್ನು ಕೇಳಿಕೊಂಡೆ. ಮುಂಚಿನ ಫೋಟೋಗಳಿವೆ, ಅವುಗಳ ಜೊತೆಗೆ ಮನೆಯಲ್ಲೇ ಇರಲಿ ಎಂದೆ.

"ಅದು ನಮ್ಮಪ್ಪಂದು ಅಲ್ರಿ," ಎಂದಳು. ದನಿ ಏರಿಸಲಿಲ್ಲ. "ಅದು ನೀವು ಮಾಡಿದ್ದು. ಮಂಚದ ಮ್ಯಾಲಿಂದ ಅವನ ಕಣ್ಣಿಗೆ ದಿನಾ ಅದಽ ಬೀಳ್ತದ. ಒಯ್ರಿ."

ಒಯ್ಯಲು ಗಾಡಿ ಬರುವುದರೊಳಗೆ ವರದಿ ಬರೆಯಲು ಕೂತೆ. ಎರಡು ರೀತಿ ಬರೆಯಬಹುದಿತ್ತು. 'ಮೇಲ್ಪದರದ ಸುಣ್ಣವನ್ನು ತೆಗೆಯಲಾಯಿತು' ಎಂದು ಬರೆದರೆ ಅದೂ ಸುಳ್ಳಲ್ಲ. ನಮ್ಮ ಕೆಲಸದಲ್ಲಿ ಎಲ್ಲರೂ ಹಾಗೆಯೇ ಬರೆಯುತ್ತಾರೆ. ಯಾರು ತೆಗೆದರು, ಯಾರ ಮಾತು ಕೇಳದೆ ತೆಗೆದರು ಎಂಬುದು ವಾಕ್ಯದೊಳಗೆ ಸಿಗುವುದಿಲ್ಲ. ಒಂದು ಇಡೀ ಮಧ್ಯಾಹ್ನ ಆ ವಾಕ್ಯವನ್ನು ಇಟ್ಟುಕೊಂಡು ಕೂತಿದ್ದೆ. ಕೊನೆಗೆ ಹೀಗೆ ಬರೆದೆ: ನಾನು ತೆಗೆದ ಸುಣ್ಣ ಕಲಾವಿದರೇ ಬಳಿದದ್ದು. ಅವರು ಬೇಡವೆಂದು ಐದು ವಾರ ಹೇಳಿದರು. ನನಗೆ ಅರ್ಥವಾಗಲಿಲ್ಲ, ಅರ್ಥಮಾಡಿಕೊಳ್ಳಲು ಪ್ರಯತ್ನಿಸಲೂ ಇಲ್ಲ. ಈಗ ಉಳಿದಿರುವುದನ್ನು ಅವರ ಕೃತಿ ಎಂದು ತೋರಿಸಬಾರದು.

ವರದಿಯನ್ನು ಕಳಿಸುವ ಮೊದಲು ಸುರಪುರಕ್ಕೆ ಒಯ್ದು ಅವರ ಮುಂದೆ ಓದಿದೆ. ಅವರು ಕೊನೆಯ ತನಕ ಕೇಳಿದರು. ಮುಗಿದ ಮೇಲೆ ಎಡಗೈ ಎತ್ತಿದರು. ಹತ್ತಿರ ಕರೆಯುತ್ತಿದ್ದಾರೆ ಎಂದುಕೊಂಡು ಮುಂದಕ್ಕೆ ಬಾಗಿದೆ. ಅವರ ಬೆರಳು ಬಾಗಿಲನ್ನು ತೋರಿಸುತ್ತಿತ್ತು. ಹೊರಗೆ ಬಂದೆ.

ಪ್ರದರ್ಶನಕ್ಕೆ ಹೋದೆ. ಗೋಡೆಯ ಮೇಲಿನ ಚೀಟಿಯಲ್ಲಿ ನನ್ನ ಹೆಸರಿತ್ತು, ದಶಕಗಳ ಕೊಳೆಯಿಂದ ಈ ಕೃತಿಯನ್ನು ಹೊರತಂದವಳು ಎಂದು. ಚೀಟಿ ಬದಲಾಯಿಸಿ ಎಂದೆ. ವರದಿ ಒಳಗಿನ ದಾಖಲೆ, ಗೋಡೆಗೆ ಹಾಕುವುದಿಲ್ಲ ಎಂದರು. ಎದ್ದುನಿಂತು ಜೋರಾಗಿ ಹೇಳಿಬಿಡಬೇಕು ಎಂದುಕೊಂಡೇ ಹೋಗಿದ್ದೆ. ಹೇಳಲಿಲ್ಲ. ಒಬ್ಬ ಹೆಂಗಸು ನನ್ನ ಪಕ್ಕದಲ್ಲಿ ನಿಂತು, ಆ ಕಣ್ಣಿಲ್ಲದ ಮುಖಗಳನ್ನು ನೋಡುತ್ತ ಅಳುತ್ತಿದ್ದಳು. ಅವಳ ಅಳು ಸುಳ್ಳಾಗಿರಲಿಲ್ಲ. ರಾತ್ರಿಯ ರೈಲು ಹಿಡಿದು ಯಾದಗಿರಿಗೆ ವಾಪಸು ಬಂದೆ. ಆ ಸಂಸ್ಥೆಯಿಂದ ಮತ್ತೆ ಕೆಲಸ ಬರಲಿಲ್ಲ. ಅವರ ಮಾತು ಕೇಳುವ ಇನ್ನೆರಡು ಕಡೆಯಿಂದಲೂ ಬರಲಿಲ್ಲ.

ಮಳೆಗಾಲ ಕಳೆದ ಮೇಲೆ ಮಗಳು ಫೋನು ಮಾಡಿದಳು. ಹತ್ತೂ ಚಿತ್ರಗಳ ಸುಣ್ಣ ಉದುರುತ್ತಿದೆ, ಅಪ್ಪ ನೆಲದ ಮೇಲೆ ಬಿದ್ದ ಚೂರುಗಳನ್ನೇ ನೋಡುತ್ತಾ ಮಲಗಿರುತ್ತಾನೆ, ಅದನ್ನು ಹಿಡಿದು ನಿಲ್ಲಿಸಲು ಬರುತ್ತದೆಯೇ ಎಂದು ಕೇಳಿದಳು. ಬರುತ್ತದೆ ಎಂದೆ. ಬೇರೆಯವರನ್ನು ಹುಡುಕಿದ್ದಳಂತೆ, ಯಾರೂ ಸಿಕ್ಕಿರಲಿಲ್ಲ. ಅದನ್ನೂ ಹೇಳಿದಳು.

ಆ ಕೆಲಸ ತೊಳೆಯುವುದಕ್ಕಿಂತ ನಿಧಾನ. ಬಡಗಿಗಳು ಬಳಸುವ ಸರೇಸಿನ ಅಂಟನ್ನೇ ಶುದ್ಧ ಮಾಡಿ, ಬಹಳ ನೀರಾಗಿಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಬೆಚ್ಚಗಿಡಬೇಕು. ಎದ್ದ ಪ್ರತಿ ಸಿಪ್ಪೆಯ ಕೆಳಗೆ ಸಣ್ಣ ಬ್ರಷ್ಷಿನ ತುದಿಯಿಂದ ಒಂದು ಹನಿ ಬಿಟ್ಟು, ಮೇಲೆ ಮೇಣದ ಕಾಗದ ಇಟ್ಟು, ಬೆಚ್ಚಗಿನ ತಗಡಿನಿಂದ ಉಸಿರು ಬಿಗಿಹಿಡಿದು ಒತ್ತಬೇಕು. ಅಂಟು ಹೆಚ್ಚಾದರೆ ಸುಣ್ಣದ ಮೇಲೆ ಕಲೆ, ಕಡಿಮೆಯಾದರೆ ಮತ್ತೆ ಉದುರುತ್ತದೆ. ನೆಲಕ್ಕೆ ಬಿದ್ದವನ್ನು ಇಕ್ಕುಳದಿಂದ ಎತ್ತಿ, ಅಂಚು ನೋಡಿ, ಅದರದರ ಜಾಗ ಹುಡುಕಿ ಕೂಡಿಸಬೇಕು. ಶುರುಮಾಡುವ ಮುಂಚೆ ಪ್ರತಿ ದಿನ ಬಾಗಿಲಲ್ಲಿ ನಿಂತು, ಇವತ್ತು ಇಷ್ಟು ಮಾಡುತ್ತೇನೆ, ಮಾಡಲೇ ಎಂದು ಕೇಳುತ್ತಿದ್ದೆ. ಎಡಗೈ ಎದ್ದ ಮೇಲೆಯೇ ಕೂರುತ್ತಿದ್ದೆ. ಏಳದ ದಿನ ಚೀಲ ಬಿಚ್ಚದೆ ಬಸ್ಸು ಹತ್ತಿ ವಾಪಸು ಬರುತ್ತಿದ್ದೆ.

ಮಗಳು ಅವರ ಮಂಚವನ್ನು ಪಡಸಾಲೆಗೇ ತಂದು ಹಾಕಿದ್ದಳು. ಮೂರು ತಿಂಗಳಲ್ಲಿ ಅವರು ಒಮ್ಮೆಯೂ ನನ್ನ ಮುಖ ನೋಡಲಿಲ್ಲ. ನನ್ನ ಕೈಗಳಿಂದ ಕಣ್ಣು ತೆಗೆಯಲೂ ಇಲ್ಲ. ಎಂಟನೆಯ ಚಿತ್ರ ನಡೆದಿದ್ದಾಗ, ಒಂದು ಮುಂಜಾನೆ ನಾನು ಬಸ್ಸಿನಲ್ಲಿರುವಾಗಲೇ ತೀರಿಕೊಂಡರು. ಕ್ಯಾಂಪಿನ ಮುದುಕ ಬಂದಿದ್ದ. ಮಣ್ಣು ಕೊಡುವಾಗ ನಾನು ಹಿಂದೆ ನಿಂತಿದ್ದೆ.

ಉಳಿದದ್ದನ್ನು ಖಾಲಿ ಮಂಚದ ಪಕ್ಕದಲ್ಲಿ ಕೂತು ಮುಗಿಸಿದೆ. ಕೊನೆಯ ದಿನ ಮಗಳು ಭೂತಗನ್ನಡಿ ಇಸಿದುಕೊಂಡು ಹತ್ತೂ ಚಿತ್ರಗಳ ಇಂಚಿಂಚನ್ನೂ ನೋಡಿದಳು. ಒಂದು ಕಡೆ ಚೂರೊಂದನ್ನು ತಿರುಗುಮುರುಗಾಗಿ ಕೂಡಿಸಿದ್ದೆ. ಅವಳೇ ತೋರಿಸಿದಳು. ಅಂಟು ಮತ್ತೆ ಕಾಯಿಸಿ ಅದನ್ನು ಬಿಡಿಸಿ ಸರಿಮಾಡಿದೆ.

"ಇದು ಗಟ್ಟಿ ಅಂತ ಬಿಡಾಕ ಬರಂಗಿಲ್ರಿ ಟೀಚರ್ರ," ಎಂದೆ. "ಈ ಬಿಸಲಿಗೆ ಮತ್ತ ಏಳ್ತದ. ವರ್ಷಕ್ಕೊಮ್ಮಿ ನಾ ಬಂದು ನೋಡಿ ಕೂಡಸ್ತೀನಿ."

ಅವಳು ಭೂತಗನ್ನಡಿಯನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು.

"ಬ್ಯಾಡ್ರಿ. ಇಷ್ಟು ದಿನ ಅವನ ಕಣ್ಣಮುಂದ ಉದುರಬಾರದಂತ ಮಾಡಿಸಿದೆ. ಇನ್ನ ಉದುರಿದ್ರ ಉದುರ್ಲಿ."

"ಉದುರಿದ್ರ ಕೆಳಗಿಂದು ಕಾಣ್ತದ್ರಿ."

"ಕಾಣ್ಲಿ. ತಾನಾಗಿ ಕಂಡದ್ದು ನಾ ನೋಡ್ತೀನಿ. ನೀವು ಮಾತ್ರ ಬರಬ್ಯಾಡ್ರಿ."

ಮತ್ತೊಂದು ಮಾತು ಆಡಲು ಬಾಯಿ ತೆರೆದೆ. ಹವೆ, ಗೆದ್ದಲು, ಅಂಟಿನ ಆಯುಷ್ಯ, ಹೇಳಲು ಬಹಳ ಇತ್ತು, ಎಲ್ಲವೂ ಸರಿಯಾದದ್ದೇ. ಅವಳು ಬೇಡ ಎಂದಿದ್ದಳು. ಬ್ರಷ್ಷುಗಳನ್ನು ತೊಳೆದು ಚೀಲಕ್ಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ.